ವಿಜಾಪುರದ ತಂಬಾಕು, ಅಕ್ಬರನ ಹಕೀಮ

ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ಮಗಳನ್ನು ಅಕ್ಬರನ ಮಗ ದಾನಿಯಾಲ್‌ಗೆ ಕೊಡಲು ಒಪ್ಪಿದ್ದು ಮೊಗಲರ ಭಯದಿಂದ. ಅಹ್ಮದನಗರ ಬಿದ್ದಾಗಿತ್ತು, ಮೊಗಲರ ಸೈನ್ಯ ದಖ್ಖನಿನ ಹೊಸ್ತಿಲಲ್ಲಿತ್ತು. ಮದುವೆ ಮಾತಿಗೆಂದು ಮೊದಲು ಬಂದ ರಾಯಭಾರಿ ಮೀರ್ ಜಮಾಲುದ್ದೀನ್ ವಿಜಾಪುರದ ಆತಿಥ್ಯ ಉಣ್ಣುತ್ತ ಕಾಲ ತಳ್ಳುತ್ತಿದ್ದ. ಅವನನ್ನು ಎಬ್ಬಿಸಿ ಕರೆತರಲು, ಜೊತೆಗೆ ಮದುಮಗಳನ್ನೂ ಕರೆದೊಯ್ಯಲು ಅಕ್ಬರ ಅಸದ್ ಬೇಗ್ ಎಂಬ ಇನ್ನೊಬ್ಬನನ್ನು ಅಟ್ಟಿದ. 1604ರಲ್ಲಿ ದಿಬ್ಬಣ ಹೊರಟು, ಗೋದಾವರಿ ದಂಡೆಯ ಪೈಠಣದಲ್ಲಿ ಮದುವೆಯಾಯಿತು. ರಾಜಕಾರಣದ ಲೆಕ್ಕದಲ್ಲಿ ಆ ಮದುವೆಯಿಂದ ಯಾರಿಗೂ ಹೆಚ್ಚೇನೂ ದಕ್ಕಲಿಲ್ಲ. ಕುಡಿತಕ್ಕೆ ಬಿದ್ದಿದ್ದ ದಾನಿಯಾಲ್ ಬೇಗನೇ ತೀರಿಕೊಂಡ. ಆದರೆ ಅಸದ್ ಬೇಗ್ ವಿಜಾಪುರದಿಂದ ಹೊತ್ತುಕೊಂಡು ಹೋದ ಇನ್ನೊಂದು ಸಾಮಾನು ಇಂದಿಗೂ ಈ ದೇಶದ ಊರೂರಿನಲ್ಲಿದೆ. ಅದು ತಂಬಾಕು.

ಅಸದ್ ಬೇಗ್ ತನ್ನ ನೆನಪುಗಳನ್ನು ಪರ್ಶಿಯನ್ನಿನಲ್ಲಿ ಬರೆದಿಟ್ಟಿದ್ದಾನೆ. ಉತ್ತರದಲ್ಲಿ ಅಂಥದ್ದನ್ನು ಕಂಡೇ ಇರಲಿಲ್ಲವಾದ್ದರಿಂದ ವಿಜಾಪುರದಲ್ಲಿ ಸಿಕ್ಕ ತಂಬಾಕನ್ನು ಬಾದಶಹನಿಗೆ ಒಪ್ಪಿಸಲು ಕೊಂಡುಹೋದೆ ಎಂಬುದು ಅವನ ಮಾತಿನ ಸಾರ. ಒಪ್ಪಿಸಿದ ರೀತಿಯೂ ಬಲು ವೈಭವದ್ದು. ಸುಮಾತ್ರಾದ ಅಚಿನ್‌ನಿಂದ ಬಂದ ಮೂರು ಮೊಳದ ಕೊಳವೆ; ಅದರ ಎರಡೂ ತುದಿಗೆ ರತ್ನ, ಮೀನಾಕಾರಿ ಕೆಲಸ; ಬಾಯಿಗಿಡುವ ಕಡೆಗೆ ಯೆಮನ್ನಿನ ಕೆಂಪು ಕಲ್ಲು; ಕೆಂಡಕ್ಕೆ ಬಂಗಾರದ ಬಟ್ಟಲು. ಇಬ್ರಾಹಿಂ ಸುಲ್ತಾನ ಅವನಿಗೆ ಎಲೆ ಅಡಿಕೆಯ ಚಂಚಿಯೊಂದನ್ನು ಬಳುವಳಿ ಕೊಟ್ಟಿದ್ದ. ಕುಸುರಿ ಕೆಲಸದ ಆ ಚಂಚಿಯ ತುಂಬ ಒಳ್ಳೆಯ ತಂಬಾಕು ತುಂಬಿ, ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿ ಅಕ್ಬರನ ಮುಂದಿಟ್ಟ.

ಇದೇನೆಂದು ಅಕ್ಬರ ಕೇಳಿದಾಗ ಉತ್ತರ ಕೊಟ್ಟವನು ಅಮೀರ ಖಾನ್-ಎ-ಆಜಂ: ಇದು ತಂಬಾಕು, ಮಕ್ಕಾ ಮದೀನಾಗಳಲ್ಲಿ ಎಲ್ಲರಿಗೂ ಗೊತ್ತು, ತಮಗೆ ಔಷಧಿಯೆಂದು ತಂದಿದ್ದಾರೆ.

ಔಷಧಿಯೆಂದು. ಮುಂದಿನ ನಾಲ್ಕು ನೂರು ವರ್ಷಗಳಲ್ಲಿ ಲಕ್ಷಾಂತರ ಬಾಯಿಗಳನ್ನು ಸುಟ್ಟ ಎಲೆ ಮೊಗಲರ ಅರಮನೆಯ ಬಾಗಿಲು ದಾಟಿದ್ದು ಮದ್ದಿನ ಹೆಸರಿನಲ್ಲಿ. ಅಕ್ಬರ ಕೊಳವೆಯನ್ನು ಬಾಯಿಗಿಟ್ಟು ಒಂದೆರಡು ಬಾರಿ ಎಳೆಯುವಷ್ಟರಲ್ಲಿ ಆಸ್ಥಾನದ ಹಕೀಮ ಅಡ್ಡ ಬಂದ. ಔಷಧಿ ಉಗ್ರಾಣದವನನ್ನು ಕರೆಸಿದರು. ನಮ್ಮ ಗ್ರಂಥಗಳಲ್ಲಿ ಇದರ ಮಾತೇ ಇಲ್ಲ, ಆದರೆ ಫರಂಗಿ ವೈದ್ಯರು ಇದನ್ನು ಬಹಳ ಹೊಗಳಿದ್ದಾರೆ ಎಂದ ಆತ. ಹಕೀಮ ಜಗ್ಗಲಿಲ್ಲ. ಪರೀಕ್ಷೆಯಾಗದ ಮದ್ದು ಇದು, ಇದರ ಗುಣದೋಷ ನಮಗೆ ತಿಳಿಯದು, ತಿಳಿಯದ್ದನ್ನು ಬಾದಶಹರು ಸೇವಿಸುವುದು ತರವಲ್ಲ ಎಂಬುದು ಅವನ ವಾದ.

ಅಸದ್ ಬೇಗ್ ಸುಮ್ಮನಾಗುವವನಲ್ಲ. ಫರಂಗಿಯವರೇನು ದಡ್ಡರೇ, ಅವರಲ್ಲೂ ಬಲ್ಲವರಿದ್ದಾರೆ ಎಂದ. ಪರೀಕ್ಷಿಸಿ ನೋಡುವ ಮೊದಲೇ ಬೇಡವೆಂದು ತೀರ್ಪು ಕೊಡುವುದು ಹೇಗೆ ಸರಿ ಎಂದ. ಲೋಕದ ಪ್ರತಿಯೊಂದು ರೂಢಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು. ಚೋಬಚೀನಿ ಬೇರೂ ಹಾಗೆ ಬಂದು ಎಷ್ಟೋ ರೋಗಗಳಿಗೆ ಬಳಕೆಯಾಗುತ್ತಿದೆ ಎಂದು ಉದಾಹರಣೆ ಬೇರೆ ಕೊಟ್ಟ. ಅಕ್ಬರನಿಗೆ ಈ ಮಾತಿನ ಜಾಣ್ಮೆ ಮೆಚ್ಚುಗೆಯಾಯಿತು.

ಈ ವಾಗ್ವಾದವನ್ನು ಇತಿಹಾಸಕಾರರು ಸಾಮಾನ್ಯವಾಗಿ ದರ್ಬಾರಿನ ಒಂದು ಸ್ವಾರಸ್ಯ ಪ್ರಸಂಗವೆಂದು ಹೇಳಿ ಮುಂದೆ ಹೋಗುತ್ತಾರೆ. ಔಷಧಿಗಳ ಇತಿಹಾಸ ಓದುವವರು ಇಲ್ಲಿ ನಿಲ್ಲಬೇಕು. ಹಕೀಮನೂ ಪರೀಕ್ಷೆಯ ಮಾತೇ ಆಡಿದ, ಅಸದ್ ಬೇಗನೂ ಅದನ್ನೇ ಆಡಿದ. ಒಬ್ಬ ಪರೀಕ್ಷೆಯಾಗಿಲ್ಲ, ಬೇಡ ಎಂದ. ಇನ್ನೊಬ್ಬ ಪರೀಕ್ಷಿಸದೆ ಬೇಡ ಎನ್ನಬೇಡ ಎಂದ. ಇಬ್ಬರ ತರ್ಕವೂ ಗಟ್ಟಿ. ಆದರೆ ಆ ದರ್ಬಾರಿನಲ್ಲಿ ಪರೀಕ್ಷೆ ಮಾಡುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಎಷ್ಟು ಜನರಿಗೆ ಕೊಡಬೇಕು, ಕೊಡದವರ ಜೊತೆ ಹೇಗೆ ಹೋಲಿಸಬೇಕು, ಎಷ್ಟು ವರ್ಷ ಕಾಯಬೇಕು ಎಂಬ ವಿದ್ಯೆ ಹುಟ್ಟಿರಲೇ ಇಲ್ಲ. ಹಾಗಾಗಿ ಪ್ರಶ್ನೆ ಅಲ್ಲೇ ಉಳಿಯಿತು, ಎಲೆ ಮುಂದೆ ಹೋಯಿತು. ಅಸದ್ ಬೇಗ್ ಅಮೀರರಿಗೆಲ್ಲ ತಂಬಾಕು ಹಂಚಿದ, ವ್ಯಾಪಾರಿಗಳು ಮಾರತೊಡಗಿದರು, ಚಟ ಬಲು ಬೇಗ ಹರಡಿತು. ಅಕ್ಬರ ಮಾತ್ರ ಅದನ್ನು ಅಭ್ಯಾಸ ಮಾಡಿಕೊಳ್ಳಲಿಲ್ಲ. 1617ರಲ್ಲಿ ಜಹಾಂಗೀರ ನಿಷೇಧ ಹೊರಡಿಸುವ ಹೊತ್ತಿಗೆ ಕಾಲ ಮಿಂಚಿತ್ತು.

ವಿಜಾಪುರಕ್ಕೆ ತಂಬಾಕು ಬಂದದ್ದು ಗೋವೆಯ ಕಡೆಯಿಂದ. ಗೋವಾ 1510ರವರೆಗೆ ಆದಿಲ್‌ಶಾಹಿಯದೇ ಬಂದರು. ಅಲ್ಬುಕರ್ಕ್ ಅದನ್ನು ಕಿತ್ತುಕೊಂಡ ಮೇಲೂ ವ್ಯಾಪಾರ ನಿಲ್ಲಲಿಲ್ಲ. ಕುದುರೆಗಳು ಬರುತ್ತಿದ್ದ ಘಟ್ಟದ ದಾರಿಯಲ್ಲೇ ಅಮೆರಿಕ ಖಂಡದ ಮೆಣಸಿನಕಾಯಿ, ಗೋಡಂಬಿ, ತಂಬಾಕು ಪೋರ್ಚುಗೀಸರ ಹಡಗಿನಿಂದಿಳಿದು ಒಳನಾಡಿಗೆ ಹತ್ತಿದವು.

ಅದೇ ಮದುವೆಯ ದಿಬ್ಬಣದಲ್ಲಿ ರಾಜಕುಮಾರಿಯ ಪಲ್ಲಕ್ಕಿಯ ಜೊತೆಗೆ ಪೈಠಣದವರೆಗೆ ಹೋದ ಇನ್ನೊಬ್ಬ ಮನುಷ್ಯನಿದ್ದ, ಮುಹಮ್ಮದ್ ಕಾಸಿಂ ಫಿರಿಶ್ತಾ. ಕ್ಯಾಸ್ಪಿಯನ್ ದಂಡೆಯ ಅಸ್ತರಾಬಾದಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಹ್ಮದನಗರಕ್ಕೆ ಬಂದು, ಕೊನೆಗೆ ವಿಜಾಪುರದಲ್ಲಿ ನೆಲೆ ಕಂಡವನು. ದಖ್ಖನಿನ ಇತಿಹಾಸಕ್ಕೆ ಇಂದಿಗೂ ಮೊದಲು ತೆರೆಯುವ ಪುಸ್ತಕ ಅವನದೇ. ಆ ಕೀರ್ತಿಯ ನೆರಳಿನಲ್ಲಿ ಅವನ ಇನ್ನೊಂದು ಕೃತಿ ಮರೆಯಾಗಿದೆ. 'ದಸ್ತೂರ್-ಉಲ್-ಅತಿಬ್ಬಾ' ಎಂಬ ಆ ವೈದ್ಯಗ್ರಂಥದಲ್ಲಿ ಭಾರತದ ವೈದ್ಯರ ಸಿದ್ಧಾಂತ, ಬಿಡಿ ಮದ್ದುಗಳು, ಕೂಡು ಮದ್ದುಗಳು, ರೋಗಗಳ ಚಿಕಿತ್ಸೆ ಎಲ್ಲವನ್ನೂ ಪರ್ಶಿಯನ್ ಓದುವ ಹಕೀಮರಿಗಾಗಿ ಒಟ್ಟುಮಾಡಿದ್ದಾನೆ. ಯುನಾನಿಯಲ್ಲಿ ಬೆಳೆದವನು ಆಯುರ್ವೇದದವರ ಬಳಿ ಕೂತು ಕೇಳಿ ಬರೆದುಕೊಂಡ ಪುಸ್ತಕ ಅದು. ನವರಸಪುರ ಕಟ್ಟಿಸಿ, ಸಂಗೀತದಲ್ಲಿ ಮುಳುಗಿ, ಸರಸ್ವತಿಯನ್ನೂ ಗಣಪತಿಯನ್ನೂ ಹಾಡಿದ ಇಬ್ರಾಹಿಂನ ಕಾಲದಲ್ಲಿ ಇಂಥ ಪುಸ್ತಕ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಇಬ್ರಾಹಿಂ ರೋಜಾ ದಾಟಿ ಪಡುವಣಕ್ಕೆ ತಿಕೋಟಾ ಕಡೆ ಹೋಗುವಾಗ ಸಿಗುವ ತೊರವಿಯ ಆಸುಪಾಸಿನಲ್ಲೇ ಆ ನವರಸಪುರದ ಪಾಳು ಗೋಡೆಗಳಿವೆ.

ಒಂದೇ ಊರು ಒಂದೇ ತಲೆಮಾರಿನಲ್ಲಿ ಶತಮಾನಗಳ ಬಳಕೆಯಲ್ಲಿ ಪಳಗಿದ ಮದ್ದುಗಳ ಗ್ರಂಥವನ್ನೂ ಕೊಟ್ಟಿತು, ಯಾರೂ ಪರೀಕ್ಷಿಸದ ಎಲೆಯನ್ನೂ ಕೊಟ್ಟಿತು. ಹಸ್ತಪ್ರತಿ ಗ್ರಂಥಾಲಯಗಳಲ್ಲಿ ಉಳಿಯಿತು, ಎಲೆ ಹೊಲಕ್ಕಿಳಿಯಿತು. ನಿಪ್ಪಾಣಿ ಸೀಮೆ ತಂಬಾಕಿನ ದೊಡ್ಡ ಪೇಟೆಯಾಗಿ ಬೆಳೆದು, 1981ರಲ್ಲಿ ಬೆಲೆಗಾಗಿ ಬೀದಿಗಿಳಿದ ರೈತರು ಗೋಲೀಬಾರಿನಲ್ಲಿ ಪ್ರಾಣ ಬಿಡುವಷ್ಟರ ಮಟ್ಟಿಗೆ ಅದು ಜೀವನದ ಪ್ರಶ್ನೆಯಾಯಿತು. ಇತ್ತ ಮನೆಗಳಲ್ಲಿ ಹುಕ್ಕಾ ಹೋಗಿ ಚಿಲುಮೆ ಬಂತು, ಚಿಲುಮೆಯ ಜೊತೆಗೆ ಬೀಡಿ. ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕಿ ದವಡೆಗೆ ಒತ್ತುವ ತಂಬಾಕು ಬಂತು. ಹುರಿದು ಪುಡಿ ಮಾಡಿದ ಮಿಸರಿಯಿಂದ ಬೆಳಿಗ್ಗೆ ಹಲ್ಲು ತಿಕ್ಕುವ ರೂಢಿ ಗಡಿಯಾಚೆ ಈಚೆಯ ಹೆಂಗಸರಲ್ಲಿ ಬೇರೂರಿತು. ಕಳೆ ತೆಗೆಯುವ ಹೊತ್ತಿನಲ್ಲಿ ಹಸಿವು ತಡೆಯುತ್ತದೆ, ಹಲ್ಲುನೋವಿಗೆ ಒಳ್ಳೆಯದು ಎಂದು ಈಗಲೂ ಹೇಳುವವರಿದ್ದಾರೆ. ಖಾನ್-ಎ-ಆಜಂ ಹೇಳಿದ ಔಷಧಿಯ ಮಾತು ಇನ್ನೂ ಸತ್ತಿಲ್ಲ.

ಪರೀಕ್ಷೆ ಶುರುವಾಗಲು ಮೂರು ಶತಮಾನ ಬೇಕಾದವು. ತಿರುವಾಂಕೂರಿನ ನೆಯ್ಯೂರು ಮಿಶನ್ ಆಸ್ಪತ್ರೆಯ ವೈದ್ಯರು ಅಲ್ಲಿಯ ರೋಗಿಗಳ ಬಾಯಲ್ಲಿ ಅತಿಯಾಗಿ ಕಾಣುತ್ತಿದ್ದ ಗಂಟುಗಳನ್ನು ಗಮನಿಸಿ ಬರೆಯತೊಡಗಿದರು. ಅವರಲ್ಲಿ ಒಬ್ಬರಾದ ಆರ್ ಅವರು ಎಲೆ ಅಡಿಕೆ ಜಗಿಯುವವರ ಬಾಯಿ ಕ್ಯಾನ್ಸರ್ ಕುರಿತು 1933ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. 1941ರಲ್ಲಿ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಅಲ್ಲಿ ವಿ.ಆರ್. ಖಾನೋಲ್ಕರ್ ಎಂಬ ರೋಗಶಾಸ್ತ್ರಜ್ಞರು ಸಂಘ್ವಿ, ರಾವ್ ಅವರ ಜೊತೆಗೂಡಿ ಕ್ಯಾನ್ಸರ್ ಬಂದವರ ಮತ್ತು ಬಾರದವರ ಅಭ್ಯಾಸಗಳನ್ನು ಎದುರುಬದುರು ಇಟ್ಟು ಲೆಕ್ಕ ಹಾಕಿದರು. ಬೀಡಿ ಸೇದುವುದಕ್ಕೂ ತಂಬಾಕು ಜಗಿಯುವುದಕ್ಕೂ ಬಾಯಿ, ಗಂಟಲಿನ ಕ್ಯಾನ್ಸರಿಗೂ ಇರುವ ನಂಟನ್ನು 1955ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಮುಂದಿಟ್ಟರು. ಹಕೀಮನಿಗೆ ಬೇಕಾಗಿದ್ದ ಬರಹ ಅದು. 351 ವರ್ಷ ತಡವಾಗಿ ಬಂತು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಹೇಳಿತು. ಅಡಿಕೆ ಬೆಳೆಯುವ ರಾಜ್ಯದಲ್ಲಿ ಈ ಮಾತು ಆಡುವುದು ಕಷ್ಟ, ಆದರೂ ಆಡಲೇಬೇಕು.

ಕರ್ನಾಟಕ ಸರ್ಕಾರ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆಯಾಗಿ ಅಂಗಡಿಯಲ್ಲಿ ಅಕ್ಕಪಕ್ಕ ತೂಗಿದವು. ಕೊಂಡವನು ಬಾಯಲ್ಲೇ ಬೆರೆಸಿಕೊಂಡ. ಆದರೂ ಏನೂ ಆಗಿಲ್ಲ ಎನ್ನುವಂತಿಲ್ಲ. 2009-10ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ. 28.2 ಮಂದಿ ತಂಬಾಕು ಬಳಸುತ್ತಿದ್ದರು, 2016-17ರಲ್ಲಿ ಅದು ಶೇ. 22.8ಕ್ಕೆ ಇಳಿದಿತ್ತು.

ರೋಗ ಬಂದವರ ಪಾಡೇನು? ವಿಜಾಪುರ ಸೀಮೆಯವರಿಗೆ ದೊಡ್ಡ ಬೇನೆಯೆಂದರೆ ಬಹಳ ಕಾಲ ಮಿರಜ್ ಅಥವಾ ಸೋಲಾಪುರದ ದಾರಿ. ಮಿರಜದಲ್ಲಿ ವಿಲಿಯಂ ವಾನ್‌ಲೆಸ್ 1894ರಲ್ಲಿ ಕಟ್ಟಿದ ಮಿಶನ್ ಆಸ್ಪತ್ರೆಯ ಹೆಸರು ಈ ಭಾಗದ ಹಳ್ಳಿಗಳಲ್ಲಿ ಮನೆಮಾತು. ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕ್ಯಾನ್ಸರ್ ಆಸ್ಪತ್ರೆ ತಲೆಯೆತ್ತಿ, 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ದಾಖಲಾತಿ ಅಲ್ಲಿ ಶುರುವಾಯಿತು. ಹಳ್ಳಿಯಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂತು ಎಂದು ಮನೆಮನೆಗೆ ಹೋಗಿ ಬರೆದಿಡುವ ಕೆಲಸ ಅದು, ಕಣ್ಣಿಗೆ ಕಾಣದ ದೊಡ್ಡ ಕೆಲಸ. ವಿಜಾಪುರದಲ್ಲೇ ವೈದ್ಯಶಿಕ್ಷಣ ಬೇರೂರಿದ್ದು 1980ರ ದಶಕದಲ್ಲಿ. 1984ರಲ್ಲಿ ಅಲ್ ಅಮೀನ್ ವೈದ್ಯಕೀಯ ಕಾಲೇಜು, 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು. ಎರಡನೆಯದಕ್ಕೆ ತಿಕೋಟಾ ಕ್ಷೇತ್ರದ ಶಾಸಕರಾಗಿದ್ದ ಬಿ.ಎಂ. ಪಾಟೀಲರ ಹೆಸರಿದೆ. ವಚನಗಳ ತಾಳೆಗರಿ ಹುಡುಕಿಕೊಂಡು ಅಲೆದ ವಕೀಲ ಫ.ಗು. ಹಳಕಟ್ಟಿಯವರು ಸಂಗಡಿಗರೊಡನೆ 1910ರಲ್ಲಿ ಕಟ್ಟಿದ ಸಂಸ್ಥೆ ಬಿ.ಎಲ್.ಡಿ.ಇ. ಶಾಲೆಯಿಂದ ತೊಡಗಿ, ಔಷಧಶಾಸ್ತ್ರ ಕಾಲೇಜು ಕಟ್ಟಿ, 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಫಿರಿಶ್ತಾನ ಊರಿನಲ್ಲಿ ಮದ್ದಿನ ಓದು ಮತ್ತೆ ಚಿಗುರಿದ್ದು ಹೀಗೆ.

ಆದರೆ ಬಾಯಿ ಕ್ಯಾನ್ಸರಿಗೆ ಮದ್ದು ಎಲ್ಲಿಂದ ಬಂತು ಎಂದು ಹುಡುಕಿದರೆ ದಾರಿ ಒಬ್ಬ ತೆಲುಗು ಮನುಷ್ಯನ ಬದುಕಿನ ಕಡೆಗೆ ತಿರುಗುತ್ತದೆ.

ಯಲ್ಲಾಪ್ರಗಡ ಸುಬ್ಬರಾವ್ 1895ರಲ್ಲಿ ಭೀಮವರಂನಲ್ಲಿ ಹುಟ್ಟಿದರು. ಬಡತನ; ಮೆಟ್ರಿಕ್‌ನಲ್ಲಿ ಎರಡು ಸಲ ಡುಮ್ಕಿ. ಮದರಾಸಿನಲ್ಲಿ ವೈದ್ಯಕೀಯ ಓದುವಾಗ ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿಯ ಕೋಟು ತೊಟ್ಟರು. ಅದು ಇಂಗ್ಲಿಷ್ ಪ್ರಾಧ್ಯಾಪಕರ ಕಣ್ಣಿಗೆ ಚುಚ್ಚಿತು. ಪೂರ್ಣ ಪದವಿಯ ಬದಲು ಅದಕ್ಕಿಂತ ಕಿರಿದಾದ ಎಲ್‌ಎಂಎಸ್ ಕೈಗೆ ಬಂತು. ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳುತ್ತ, ನಾಡ ಮದ್ದುಗಳಿಗೆ ಹೊಸ ವಿಜ್ಞಾನದ ಪರೀಕ್ಷೆ ಒಡ್ಡುವ ಆಸೆ ಕಟ್ಟಿಕೊಂಡರು. ಅವರ ಇಬ್ಬರು ಅಣ್ಣತಮ್ಮಂದಿರು ಸ್ಪ್ರೂ ಎಂಬ ಕರುಳ ಬೇನೆಯಿಂದ ತೀರಿಕೊಂಡಿದ್ದರು. ಆ ಸಂಕಟವನ್ನು ಎದೆಯಲ್ಲಿಟ್ಟುಕೊಂಡೇ ಅಮೆರಿಕಕ್ಕೆ ಹೋದರು. ಹಾರ್ವರ್ಡ್‌ನಲ್ಲಿ ಫಿಸ್ಕ್ ಅವರೊಡನೆ 1925ರಲ್ಲಿ ಪ್ರಕಟಿಸಿದ ರಂಜಕ ಅಳೆಯುವ ವಿಧಾನ ಜೀವರಸಾಯನದ ಪಠ್ಯವಾಯಿತು. ಆದರೂ ಅಲ್ಲಿ ಖಾಯಂ ಹುದ್ದೆ ದಕ್ಕಲಿಲ್ಲ. 1940ರಲ್ಲಿ ಲೆಡರ್ಲೆ ಎಂಬ ಔಷಧಿ ಕಂಪನಿ ಸೇರಿದರು.

ಅಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿತು. ಸ್ಪ್ರೂ ರೋಗಿಗಳ ರಕ್ತಹೀನತೆಗೆ ಅದು ಮದ್ದಾಯಿತು. ಅಣ್ಣತಮ್ಮಂದಿರನ್ನು ಕೊಂದ ಬೇನೆಗೆ ಉತ್ತರ ಸಿಕ್ಕಿತು, ಅವರು ಹೋಗಿ ಎಷ್ಟೋ ವರ್ಷಗಳಾದ ಮೇಲೆ. ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಬಾಸ್ಟನ್ನಿನ ಮಕ್ಕಳ ರೋಗಶಾಸ್ತ್ರಜ್ಞ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಇದೇ ಗುಂಪಿನ ಪದಾರ್ಥ ಕೊಟ್ಟಾಗ ರೋಗ ಇಳಿಯುವ ಬದಲು ಹೆಚ್ಚಿದಂತೆ ಕಂಡಿತು. ಜೀವಕೋಶ ಒಡೆದು ಎರಡಾಗಲು ಫೋಲಿಕ್ ಆಮ್ಲ ಬೇಕು. ಕ್ಯಾನ್ಸರ್ ಕೋಶಕ್ಕೂ ಬೇಕು. ಹಾಗಾದರೆ ಫೋಲಿಕ್ ಆಮ್ಲದಂತೆಯೇ ಕಾಣುವ, ಆದರೆ ಅದರ ಕೆಲಸ ಮಾಡದ ಪದಾರ್ಥವೊಂದನ್ನು ಕೊಟ್ಟರೆ? ಸುಬ್ಬರಾವ್ ತಂಡ ಅಂಥವನ್ನು ಮಾಡಿ ಕಳಿಸಿತು. ಮೊದಲು ಅಮಿನೊಪ್ಟೆರಿನ್, ಅದರ ಬೆನ್ನಿಗೆ ಮೆಥೊಟ್ರೆಕ್ಸೇಟ್. 1948ರ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳ ಪೈಕಿ 10 ಮಂದಿಗೆ ರೋಗ ತಾತ್ಕಾಲಿಕವಾಗಿ ಹಿಂಜರಿದಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು, ವಯಸ್ಸು 53.

ಮಕ್ಕಳ ರಕ್ತದ ಕ್ಯಾನ್ಸರಿಗೆ ಹುಟ್ಟಿದ ಮೆಥೊಟ್ರೆಕ್ಸೇಟ್ ಇಂದು ತಂಬಾಕು ಸುಟ್ಟ ಬಾಯಿಗಳಿಗೂ ಬರುತ್ತಿದೆ. ಶಸ್ತ್ರಚಿಕಿತ್ಸೆಯ ಹಂತ ಮೀರಿದ ತಲೆ-ಕುತ್ತಿಗೆ ಕ್ಯಾನ್ಸರಿಗೆ ಮೂರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಮಲಗಿಸಿ ನರಕ್ಕೆ ಸಿಸ್‌ಪ್ಲಾಟಿನ್ ಕೊಡುವುದು ವಾಡಿಕೆ. ಟಾಟಾ ಆಸ್ಪತ್ರೆಯ ವೈದ್ಯರು 422 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಸಿಸ್‌ಪ್ಲಾಟಿನ್, ಇನ್ನೊಂದು ಪಾಲಿಗೆ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆಯ ಜೊತೆಗೆ ಸೆಲಿಕಾಕ್ಸಿಬ್ ಎಂಬ ನೋವಿನ ಮಾತ್ರೆ ಕೊಟ್ಟರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಾತ್ರೆ ನುಂಗಿದವರ ಮಧ್ಯಮ ಆಯುಸ್ಸು 7.5 ತಿಂಗಳು, ನರಕ್ಕೆ ಮದ್ದು ಏರಿಸಿಕೊಂಡವರದು 6.1 ತಿಂಗಳು. ಅಂತರ ಸಣ್ಣದು. ಆದರೆ ಅಗ್ಗದ, ಮನೆಯಲ್ಲೇ ನುಂಗಬಹುದಾದ ಹಳೆಯ ಮಾತ್ರೆ ಗೆದ್ದಿತು. ವಿಜಾಪುರ ಸೀಮೆಯ ಬಬಲೇಶ್ವರದ ಒಬ್ಬ ಕೂಲಿಕಾರನಿಗೆ ಮುಂಬಯಿ ಅಥವಾ ಬೆಂಗಳೂರಿನ ಬಸ್ಸು ಹತ್ತುವ ಸರದಿ ತಪ್ಪಿದರೆ ಅದೇನು ಕಡಿಮೆಯೇ?

ಹೊಸ ಮದ್ದುಗಳ ಕಥೆ ಬೇರೆ. ಬೆಂಗಳೂರಿನ ಬಯೋಕಾನ್ 2006ರಲ್ಲಿ ನಿಮೊಟುಜುಮಾಬ್ ಎಂಬ ಪ್ರತಿಕಾಯ ಮದ್ದನ್ನು ತಲೆ-ಕುತ್ತಿಗೆ ಕ್ಯಾನ್ಸರಿಗೆಂದು ಪೇಟೆಗೆ ತಂದಿತು. ಅದರ ಮೂಲ ಕ್ಯೂಬಾದ ಹವಾನಾದ ಪ್ರಯೋಗಾಲಯ. ಅದು ವಿಕಿರಣ ಚಿಕಿತ್ಸೆಯ ಜೊತೆಗೆ ಎಷ್ಟು ನೆರವಾಗುತ್ತದೆ ಎಂದು 536 ರೋಗಿಗಳಲ್ಲಿ ನೋಡಿದ ಟಾಟಾ ಆಸ್ಪತ್ರೆಯ ದೊಡ್ಡ ಪರೀಕ್ಷೆಯ ವರದಿ ಬಂದದ್ದು 2019ರಲ್ಲಿ. ರೋಗ ಮರುಕಳಿಸುವುದು ತಗ್ಗಿತು, ಆದರೆ ಒಟ್ಟು ಆಯುಸ್ಸು ಹೆಚ್ಚಿತೆಂದು ಖಚಿತವಾಗಿ ಹೇಳಲಾಗಲಿಲ್ಲ. ಮದ್ದು ಪೇಟೆಗೆ ಬಂದದ್ದಕ್ಕೂ ಈ ಉತ್ತರಕ್ಕೂ ನಡುವೆ 13 ವರ್ಷ.

ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ರಾಘವನ್ ಅವರ ಕೆಲಸದಲ್ಲಿ ಈ ದಾರಿ ಇನ್ನಷ್ಟು ಉದ್ದ. ಬನಾರಸ್‌ನಲ್ಲಿ ಪಿಎಚ್‌ಡಿ ಮುಗಿಸಿ, ಲಾಸ್ ಏಂಜಲಿಸ್‌ನಲ್ಲಿ ಮೈಕೆಲ್ ಲೀಬರ್ ಅವರ ಪ್ರಯೋಗಾಲಯದಲ್ಲಿ ತುಂಡಾದ ಡಿಎನ್‌ಎ ಮತ್ತೆ ಕೂಡುವ ಬಗೆಯನ್ನು ಅಭ್ಯಾಸ ಮಾಡಿ, 2006ರಲ್ಲಿ ಬೆಂಗಳೂರಿಗೆ ಬಂದವರು. ವಿಕಿರಣವಾಗಲಿ ಹಲವು ಕಿಮೊ ಮದ್ದುಗಳಾಗಲಿ ಕ್ಯಾನ್ಸರ್ ಕೋಶದ ಡಿಎನ್‌ಎ ತುಂಡರಿಸಿಯೇ ಅದನ್ನು ಕೊಲ್ಲುವುದು. ಆದರೆ ಕೋಶದೊಳಗೆ ದುರಸ್ತಿಯ ಕೆಲಸಗಾರರಿದ್ದಾರೆ. ಹರಿದ ಕೌದಿಗೆ ಅಜ್ಜಿ ಹೊಲಿಗೆ ಹಾಕಿದಂತೆ ತುಂಡುಗಳನ್ನು ಕೂಡಿಸಿಬಿಡುತ್ತಾರೆ. ಕೊನೆಯ ಹೊಲಿಗೆ ಹಾಕುವ ಕಿಣ್ವ ಲೈಗೇಸ್ 4. ಅದರ ಕೈ ಕಟ್ಟುವ ಅಣುವೊಂದು ಸಿಕ್ಕರೆ ತುಂಡಾದದ್ದು ತುಂಡಾಗಿಯೇ ಉಳಿದು ಕೋಶ ಸಾಯುತ್ತದೆ. ಕಂಪ್ಯೂಟರಿನಲ್ಲಿ ಆಕಾರ ಲೆಕ್ಕಹಾಕಿ, ಅಣುಗಳನ್ನು ಒಂದೊಂದಾಗಿ ತಯಾರಿಸಿ ನೋಡುವ ಈ ಕೆಲಸದಲ್ಲಿ ರಸಾಯನದ ಭಾಗ ನಡೆದದ್ದು ಬೆಂಗಳೂರಿನ ಕೆಎಲ್ಇ ಔಷಧಶಾಸ್ತ್ರ ಕಾಲೇಜಿನ ಸುಭಾಷ್ ಕರ್ಕಿ ಅವರ ಪ್ರಯೋಗಾಲಯದಲ್ಲಿ. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆಎಲ್ಇ, ವಿಜಾಪುರದ ಬಿ.ಎಲ್.ಡಿ.ಇ.ಗಿಂತ ಆರು ವರ್ಷ ಕಿರಿಯ ಸಂಸ್ಥೆ; ಉತ್ತರ ಕರ್ನಾಟಕದ ಶಿಕ್ಷಣ ಚಳವಳಿಯ ಕುಡಿಯೊಂದು ಜಗತ್ತಿನ ವಿಜ್ಞಾನಕ್ಕೆ ಹೀಗೆ ಕೈಜೋಡಿಸಿತು.

ಎಸ್‌ಸಿಆರ್7 ಎಂದು ಹೆಸರಿಟ್ಟ ಆ ಅಣು ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ತಗ್ಗಿಸಿದ್ದನ್ನು 2012ರ ಡಿಸೆಂಬರ್‌ನಲ್ಲಿ 'ಸೆಲ್' ಪತ್ರಿಕೆ ಪ್ರಕಟಿಸಿತು. 2013ರಲ್ಲಿ ರಾಘವನ್ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. 2015ರಲ್ಲಿ ವಂಶವಾಹಿ ತಿದ್ದುವವರು ತಮ್ಮ ಕೆಲಸ ನಿಖರವಾಗಲು ಇದೇ ಅಣುವನ್ನು ಬಳಸಿದ ವರದಿಗಳು ಬಂದವು; ಮದ್ದೆಂದು ಹುಟ್ಟಿದ್ದು ಉಪಕರಣವಾಯಿತು. 2016ರಲ್ಲಿ ಅಮೆರಿಕದ ಪ್ರಯೋಗಾಲಯವೊಂದು ಅಣುವಿನ ರಚನೆ ಪ್ರಕಟಿಸಿದಂತಿಲ್ಲ, ಲೈಗೇಸ್ 4ನ್ನು ಮಾತ್ರ ತಡೆಯುತ್ತದೆ ಎಂಬುದೂ ನಮಗೆ ಕಾಣಲಿಲ್ಲ ಎಂದು ಬರೆಯಿತು. ಬೆಂಗಳೂರಿನ ತಂಡ ಅಣುವಿನ ಬೇರೆ ಬೇರೆ ರೂಪಗಳನ್ನು ಮತ್ತೆ ಪರೀಕ್ಷಿಸಿ 2018ರಲ್ಲಿ ಉತ್ತರ ಪ್ರಕಟಿಸಿತು. ಆ ಅಣು ರೋಗಿಗೆ ಕೊಡುವ ಮದ್ದಾಗಿ ಇನ್ನೂ ಪೇಟೆಗೆ ಬಂದಿಲ್ಲ.

ಇದನ್ನು ಸೋಲೆಂದು ಓದುವವರು ವಿಜ್ಞಾನದ ನಡೆಯನ್ನು ಅರಿತಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಪರೀಕ್ಷಿಸಿ ಪ್ರಶ್ನಿಸುವುದು, ಪ್ರಶ್ನೆಗೆ ಮತ್ತೆ ಪ್ರಯೋಗದಿಂದಲೇ ಉತ್ತರ ಕೊಡುವುದು, ಅಷ್ಟರ ತನಕ ರೋಗಿಯ ಬಾಯಿಗೆ ಹಾಕದಿರುವುದು: ಅಕ್ಬರನ ದರ್ಬಾರಿನಲ್ಲಿ ಹಕೀಮನಿಗೂ ಅಸದ್ ಬೇಗನಿಗೂ ಇಲ್ಲದಿದ್ದ ಸಾಧನ ಇದೇ. ಕ್ಯಾನ್ಸರ್ ಮದ್ದು ಹುಡುಕುವ ವಿಜ್ಞಾನಿಯೊಬ್ಬನ ಆಯುಷ್ಯದ ಬಹುಪಾಲು ಕಳೆಯುವುದು ಈ ಕಾಯುವಿಕೆಯಲ್ಲಿ.

ಪರೀಕ್ಷಿಸದೆ ಮದ್ದೆನ್ನಬಾರದು ಎಂಬ ಈ ಮಾತು ವಿಜಾಪುರದ ಪಕ್ಕದ ತಿಕೋಟಾ ಸೀಮೆಗೆ ಇನ್ನೊಂದು ದಾರಿಯಿಂದಲೂ ತಟ್ಟುತ್ತದೆ. ಬರದ ನೆಲದಲ್ಲಿ ಹನಿ ನೀರಾವರಿಯಿಂದ, ಈಚೆಗೆ ತುಬಚಿ-ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳ ಬಲದಿಂದ ತಿಕೋಟಾ, ಬಬಲೇಶ್ವರದ ರೈತರು ದ್ರಾಕ್ಷಿ ಬೆಳೆಸಿ, ಶೆಡ್ಡುಗಳಲ್ಲಿ ಒಣದ್ರಾಕ್ಷಿ ಮಾಡಿ ದೇಶಕ್ಕೆಲ್ಲ ಕಳಿಸುತ್ತಿದ್ದಾರೆ. ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಎಂಬ ಪದಾರ್ಥ ಇಲಿಗಳ ಚರ್ಮದ ಗಡ್ಡೆಗಳನ್ನು ತಡೆಯಿತೆಂದು 1997ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಾಗ ಜಗತ್ತೇ ಕುಣಿಯಿತು. ದೊಡ್ಡ ಔಷಧಿ ಕಂಪನಿಯೊಂದು ಈ ಪದಾರ್ಥದ ಮೇಲೆ ಕೆಲಸ ಮಾಡುತ್ತಿದ್ದ ಸಂಸ್ಥೆಯನ್ನು 2008ರಲ್ಲಿ 72 ಕೋಟಿ ಡಾಲರಿಗೆ ಕೊಂಡಿತು. ಆದರೆ ಮಜ್ಜೆಯ ಕ್ಯಾನ್ಸರ್ ರೋಗಿಗಳಿಗೆ ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಕೆಲವರ ಮೂತ್ರಪಿಂಡ ಕೈಕೊಟ್ಟು, 2010ರಲ್ಲಿ ಆ ಪರೀಕ್ಷೆ ನಿಂತಿತು. ದ್ರಾಕ್ಷಿ ಒಳ್ಳೆಯ ಹಣ್ಣು, ತಿನ್ನಬೇಕು. ಕ್ಯಾನ್ಸರಿಗೆ ಮದ್ದೆಂದು ಯಾರಾದರೂ ಮಾರಲು ಬಂದರೆ ಹಕೀಮನ ಹಾಗೆ ಅಡ್ಡ ನಿಲ್ಲಬೇಕು.

ಮೆಥೊಟ್ರೆಕ್ಸೇಟ್ ಮಾತ್ರೆಯವರ ಏಳೂವರೆ ತಿಂಗಳ ಲೆಕ್ಕ ಬರುವುದು ರೋಗ ಕೊನೆಯ ಹಂತದಲ್ಲಿ ಸಿಕ್ಕಾಗ. ಮೊದಲೇ ಹಿಡಿದರೆ ಮಾತೇ ಬೇರೆ, ಅದಕ್ಕೂ ಪರೀಕ್ಷೆಯ ಆಧಾರವಿದೆ. ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ ಸುಮಾರು 1.9 ಲಕ್ಷ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಬಾಯನ್ನು ತರಬೇತಿ ಪಡೆದ ಕಾರ್ಯಕರ್ತರು ಮನೆಗೇ ಹೋಗಿ ಬೆಳಕಿನಲ್ಲಿ ತೆರೆಸಿ ನೋಡಿದರು. ತಂಬಾಕು, ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಪಾಲು ಇಳಿದದ್ದನ್ನು 2005ರಲ್ಲಿ ಪ್ರಕಟಿಸಿದರು. ಬಾಯಿ ನೋಡಿದವರು ವೈದ್ಯರಲ್ಲ, ದುಬಾರಿ ಯಂತ್ರವೂ ಅವರ ಕೈಯಲ್ಲಿರಲಿಲ್ಲ. ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಆಶಾ ಕಾರ್ಯಕರ್ತೆಯರು ಕಲಿತು ಮಾಡಬಹುದಾದ ಕೆಲಸ ಇದು. ಜಿಲ್ಲೆಯ ಎರಡು ವೈದ್ಯಕೀಯ ಕಾಲೇಜುಗಳು ಹೆಗಲು ಕೊಟ್ಟರೆ ಪ್ರತಿ ಹಳ್ಳಿಯಲ್ಲೂ ಸಾಧ್ಯ. ಅದಕ್ಕಿಂತ ಮೊದಲು ಓದುಗರು ಮಾಡಬಹುದಾದದ್ದೂ ಇದೆ. ಮನೆಯಲ್ಲಿ ತಂಬಾಕು ಹಾಕುವ ಅಪ್ಪ, ಮಿಸರಿ ತಿಕ್ಕುವ ಅವ್ವ, ಗುಟ್ಕಾ ಜಗಿಯುವ ತಮ್ಮ ಇದ್ದರೆ ಬಾಯಿ ತೆರೆಸಿ ನೋಡಿ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೊದಲಿನಷ್ಟು ತೆರೆಯದ ಬಾಯಿ ಕಂಡರೆ ಅದೇ ವಾರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.